ಅಳಿಸುವ ಮುನ್ನ ಓದಿಸಿ

ಅಂಗಡಿಯಲ್ಲಿ ಕಳವಾದರೆ ನಾವು ಮೊದಲು ಮಾಡುವ ಕೆಲಸ ಯಾವುದು? ಮುರಿದ ಬೀಗವನ್ನು ಯಾರೂ ಮುಟ್ಟದಂತೆ ನೋಡಿಕೊಂಡು ಠಾಣೆಗೆ ತಿಳಿಸುತ್ತೇವೆ. ಬೆರಳಚ್ಚು ತಜ್ಞರು ಬಂದು ಹೋಗುವವರೆಗೆ ಗಲ್ಲಾಪೆಟ್ಟಿಗೆಯ ಬಳಿಗೆ ಯಾರನ್ನೂ ಬಿಡುವುದಿಲ್ಲ. ಆದರೆ ಅದೇ ಅಂಗಡಿಯ ಗಣಕಯಂತ್ರದೊಳಗೆ ಕಳ್ಳನು ನುಗ್ಗಿದಾಗ ನಾವು ಮಾಡುವುದು ಇದಕ್ಕೆ ನೇರ ವಿರುದ್ಧವಾದ ಕೆಲಸ. ದುರಸ್ತಿಯವನನ್ನು ಕರೆಸಿ, "ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡಪ್ಪ, ಸಂಜೆಯೊಳಗೆ ಬಿಲ್ ಮಾಡಬೇಕು" ಎನ್ನುತ್ತೇವೆ. ಅವನು ಫಾರ್ಮ್ಯಾಟ್ ಮಾಡುತ್ತಾನೆ, ತನ್ನ ಮಜೂರಿ ಪಡೆದು ಹೋಗುತ್ತಾನೆ. ಮುರಿದ ಬೀಗ, ಬೆರಳಚ್ಚು, ಹೆಜ್ಜೆಗುರುತುಗಳೆಲ್ಲವನ್ನೂ ನಾವೇ ಹಣ ತೆತ್ತು ತೊಳೆಸಿದಂತಾಗುತ್ತದೆ.

ಈ ರೂಢಿ ನಿಲ್ಲಬೇಕೆಂಬುದು ಪ್ರಸ್ತುತ ಲೇಖನದ ವಾದ. ಇಂದು ಗಣಕಯಂತ್ರದ ಮೂಲಕ ನಡೆಯುವ ಅನೇಕ ವಂಚನೆಗಳ ಮೊದಲ ಹೆಜ್ಜೆ ಒಂದು ಚಿಕ್ಕ ಆಜ್ಞಾಪಟ್ಟಿ. ತಂತ್ರಜ್ಞರು ಇದನ್ನು ಸ್ಕ್ರಿಪ್ಟ್ ಎನ್ನುತ್ತಾರೆ. ಇದು ಗುಪ್ತ ಲಿಪಿಯಲ್ಲಿ ಬರುತ್ತದೆ, ಆದರೆ ಓದಲಾಗದ್ದೇನೂ ಅಲ್ಲ. ಬಲ್ಲವರು ಓದಿದರೆ ಕಳ್ಳನು ಎಲ್ಲಿಂದ ಬಂದ, ಏನನ್ನು ಹುಡುಕಿದ, ಏನನ್ನು ಎಲ್ಲಿಗೆ ಸಾಗಿಸಿದ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಅಳಿಸಿದ ಮೇಲೆ ಓದುವುದಕ್ಕೇನೂ ಉಳಿಯದು. ಸಾವಿರ ಗಣಕಯಂತ್ರಗಳಿರುವ ದೊಡ್ಡ ಕಂಪನಿಗಳಿಗೆ ಸ್ವಂತ ತಜ್ಞರಿದ್ದಾರೆ. ಒಂದೋ ಎರಡೋ ಯಂತ್ರಗಳಲ್ಲಿ ಇಡೀ ಕಿರ್ದಿ-ಖತಾವಣಿಯನ್ನು ಇಟ್ಟುಕೊಂಡಿರುವ ನಮ್ಮಂತಹ ವರ್ತಕರೂ ಸಣ್ಣ ಕೈಗಾರಿಕೆಯವರೂ ಈ ವಿಷಯವನ್ನು ತಮ್ಮದೆಂದು ತಿಳಿಯಬೇಕಾಗಿದೆ.

ಸ್ಕ್ರಿಪ್ಟ್ ಎಂದರೇನು?

ಗುಮಾಸ್ತನ ಕೈಗೆ ಕೊಡುವ ಚೀಟಿಯನ್ನು ನೆನೆಯಿರಿ: "ಕಪಾಟು ತೆರೆ, ಇಂಥ ಪುಸ್ತಕ ತೆಗೆ, ಈ ಪುಟದ ನಕಲು ಮಾಡು, ಇಂಥವರಿಗೆ ಕಳುಹಿಸು." ಸ್ಕ್ರಿಪ್ಟ್ ಎಂಬುದೂ ಇಂತಹ ಚೀಟಿಯೇ. ಅದನ್ನು ಓದಿ ನೆರವೇರಿಸುವ ಗುಮಾಸ್ತ ನಮ್ಮ ಯಂತ್ರದಲ್ಲಿ ಮೊದಲೇ ಇದ್ದಾನೆ. ವಿಂಡೋಸ್ ಜೊತೆಯಲ್ಲಿಯೇ ಬರುವ ಪವರ್‌ಶೆಲ್, ವರ್ಡ್ ಮತ್ತು ಎಕ್ಸೆಲ್‌ಗಳಲ್ಲಿರುವ ಮ್ಯಾಕ್ರೊ ಸೌಲಭ್ಯ, ಜಾಲತಾಣಗಳನ್ನು ತೋರಿಸುವ ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಇವೆಲ್ಲ ಅಂತಹ ಗುಮಾಸ್ತರು. ತಿಂಗಳ ಸಂಬಳದ ಪಟ್ಟಿಯನ್ನು ಒಂದು ಗುಂಡಿ ಒತ್ತಿ ಸಿದ್ಧಪಡಿಸುವವರು ಈ ಸೌಲಭ್ಯದ ಉಪಕಾರವನ್ನು ಬಲ್ಲರು. ಕಷ್ಟವಿರುವುದು ಇಲ್ಲಿಯೇ. ಹೊರಗಿನ ಅಪರಿಚಿತ ತಂತ್ರಾಂಶ ಬಂದರೆ ಕಾವಲುಗಾರನಾದ ಆಂಟಿವೈರಸ್ ತಡೆದಾನು. ಆದರೆ ಕಳ್ಳನು ಒಳಗೆ ಬಿಡುವುದು ಬರೀ ಚೀಟಿ. ಕೆಲಸ ಮಾಡುವವನು ನಮ್ಮ ಮನೆಯ ಗುಮಾಸ್ತನೇ ಆದುದರಿಂದ ಕಾವಲುಗಾರನಿಗೆ ಅನುಮಾನ ಬರುವುದು ತಡ.

ಈ ವಿದ್ಯೆ ಹೊಸದಲ್ಲ. 1999ರ ಮಾರ್ಚ್ ತಿಂಗಳಿನಲ್ಲಿ ಹರಡಿದ ಮೆಲಿಸ್ಸಾ ಎಂಬುದು ವರ್ಡ್ ದಾಖಲೆಯಲ್ಲಿ ಅಡಗಿದ್ದ ಮ್ಯಾಕ್ರೊ. ದಾಖಲೆಯನ್ನು ತೆರೆದವರ ವಿಳಾಸಪಟ್ಟಿಯ ಮೊದಲ 50 ಜನರಿಗೆ ಅದು ತನ್ನನ್ನು ತಾನೇ ಅಂಚೆ ಮಾಡಿಕೊಳ್ಳುತ್ತಿತ್ತು. 2000ದ ಮೇ 4ರಂದು ಪ್ರಪಂಚವನ್ನೇ ಸುತ್ತಿದ 'ಐ ಲವ್ ಯೂ' ಎಂಬ ಇ-ಮೇಲ್ ಹುಳುವೂ ಒಂದು ಸ್ಕ್ರಿಪ್ಟ್. ಪ್ರೇಮಪತ್ರವೆಂಬ ಸೋಗಿನಲ್ಲಿ ಬಂದ ಆ ಕಡತದ ಹೆಸರಿನ ಕೊನೆಯ ಮೂರು ಅಕ್ಷರಗಳನ್ನು ವಿಂಡೋಸ್ ತೋರಿಸದೆ ಇದ್ದುದರಿಂದ ಅದು ಸಾಧಾರಣ ಪಠ್ಯದಂತೆ ಕಂಡಿತು. ಜನರು ತೆರೆದರು, ಕೆಟ್ಟರು. ಆ ಸ್ಕ್ರಿಪ್ಟನ್ನು ಮರೆಮಾಚಿರಲಿಲ್ಲ. ತೆರೆದು ಓದಿದವರಿಗೆ ಮೊದಲ ಸಾಲುಗಳಲ್ಲಿಯೇ ಫಿಲಿಪೈನ್ಸ್‌ನ ಮನಿಲಾ ನಗರದ ಹೆಸರು ಕಂಡಿತ್ತು. ತನಿಖೆ ಕೊನೆಗೆ ಮುಟ್ಟಿದ್ದೂ ಆ ನಗರವನ್ನೇ. ಆದರೆ ಅಂದು ಆ ದೇಶದಲ್ಲಿ ಇಂತಹ ಕೃತ್ಯವನ್ನು ಶಿಕ್ಷಿಸುವ ಕಾನೂನು ಇರಲಿಲ್ಲವಾಗಿ, 2000ದ ಆಗಸ್ಟ್‌ನಲ್ಲಿ ಮೊಕದ್ದಮೆಯನ್ನು ಕೈಬಿಡಬೇಕಾಯಿತು. ಸುಳಿವಿದ್ದರೂ ಕಾನೂನಿಲ್ಲದೆ ಹೋದ ಕಥೆ ಅದು. ಇಂದು ನಮ್ಮ ಸ್ಥಿತಿ ಇದಕ್ಕೆ ತಿರುಗುಮುರುಗಾಗಿದೆ. ಕಾನೂನಿದೆ, ಸುಳಿವನ್ನು ನಾವೇ ಅಳಿಸುತ್ತಿದ್ದೇವೆ.

ಗುಪ್ತ ಲಿಪಿಯ ಗುಟ್ಟು

ಮನಿಲಾದ ಪ್ರಕರಣದಿಂದ ಕಳ್ಳರೂ ಪಾಠ ಕಲಿತರು. ಈಗಿನ ಸ್ಕ್ರಿಪ್ಟುಗಳು ತೆರೆದ ಪತ್ರದಂತೆ ಬರುವುದಿಲ್ಲ. ಇದರ ಸ್ವರೂಪವನ್ನು ಅರಿಯಲು ಜವಳಿ ವರ್ತಕರಿಗೆ ಪಾಠ ಬೇಡ. ಬಟ್ಟೆಯ ಚೀಟಿಯ ಮೇಲೆ ಅಸಲು ಬೆಲೆಯನ್ನು ಅಕ್ಷರಗಳಲ್ಲಿ ಬರೆಯುವ ಪದ್ಧತಿ ಅನೇಕ ಅಂಗಡಿಗಳಲ್ಲಿದೆ. ಹತ್ತು ಬೇರೆ ಬೇರೆ ಅಕ್ಷರಗಳಿರುವ ಪದವೊಂದನ್ನು ಆರಿಸಿಕೊಂಡು, ಮೊದಲ ಅಕ್ಷರಕ್ಕೆ ಒಂದು, ಎರಡನೆಯದಕ್ಕೆ ಎರಡು, ಕೊನೆಯದಕ್ಕೆ ಸೊನ್ನೆ ಎಂದು ಗೊತ್ತುಮಾಡಿಕೊಂಡರಾಯಿತು. ಗಿರಾಕಿಯ ಕಣ್ಣಿಗೆ ಅದು ಅರ್ಥವಿಲ್ಲದ ಅಕ್ಷರಗಳ ಗುಂಪು, ಗುಟ್ಟು ಬಲ್ಲ ಮಾರಾಟಗಾರನಿಗೆ ಸ್ಪಷ್ಟವಾದ ಬೆಲೆ.

ಕಳ್ಳನ ಸ್ಕ್ರಿಪ್ಟಿನಲ್ಲಿ ಹೆಚ್ಚಾಗಿ ಕಾಣುವ ಬೇಸ್-64 ಎಂಬ ಪದ್ಧತಿಯೂ ಇದೇ ಜಾತಿಗೆ ಸೇರಿದ್ದು. ಇಂಗ್ಲಿಷಿನ 26 ದೊಡ್ಡ ಅಕ್ಷರಗಳು, 26 ಸಣ್ಣ ಅಕ್ಷರಗಳು, 10 ಅಂಕಿಗಳು, 2 ಚಿಹ್ನೆಗಳು, ಒಟ್ಟು 64. ಮೂಲದ ಪ್ರತಿ ಮೂರು ಬೈಟುಗಳನ್ನು ಈ 64ರಲ್ಲಿನ ನಾಲ್ಕು ಅಕ್ಷರಗಳಾಗಿ ಬರೆಯಲಾಗುತ್ತದೆ. ಇ-ಮೇಲ್‌ಗಳಲ್ಲಿ ಚಿತ್ರಗಳನ್ನು ಸಾಗಿಸಲು ಹುಟ್ಟಿದ ಸಭ್ಯ ಪದ್ಧತಿ ಇದು. ಕಳ್ಳನು ಇದನ್ನು ಮುಸುಕಾಗಿ ಬಳಸುತ್ತಾನೆ. ಇದಲ್ಲದೆ ಪದಗಳನ್ನು ತುಂಡು ಮಾಡಿ ಚದುರಿಸುವುದು, ಹಿಂದುಮುಂದಾಗಿ ಬರೆಯುವುದು, ಅಕ್ಷರದ ಬದಲು ಅದರ ಸಂಖ್ಯೆಯನ್ನು ಇಡುವುದು, ನಡುನಡುವೆ ಕಸವನ್ನು ತುಂಬುವುದು, ಒತ್ತಿ ಕಿರಿದುಗೊಳಿಸುವುದು, ಒಂದು ಮುಸುಕಿನ ಮೇಲೆ ಮತ್ತೊಂದು ಮುಸುಕು ಹೊದಿಸುವುದು ಮೊದಲಾದ ಉಪಾಯಗಳಿವೆ.

ಆದರೆ ಜವಳಿ ಅಂಗಡಿಯ ಸಂಕೇತಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಅಂಗಡಿಯ ಗುಟ್ಟಿನ ಪದ ಮಾರಾಟಗಾರನ ತಲೆಯಲ್ಲಿರುತ್ತದೆ, ಚೀಟಿಯ ಮೇಲಲ್ಲ. ಕಳ್ಳನ ಚೀಟಿಯನ್ನು ಓದಬೇಕಾದವನು ನಮ್ಮ ಗಣಕಯಂತ್ರ. ಅದಕ್ಕೆ ಅರ್ಥವಾಗದೆ ಕೆಲಸ ನಡೆಯದು. ಆದುದರಿಂದ ಮುಸುಕನ್ನು ತೆಗೆಯುವ ವಿಧಾನವನ್ನೂ ಸ್ಕ್ರಿಪ್ಟು ಸಾಮಾನ್ಯವಾಗಿ ತನ್ನ ಜೊತೆಗೇ ಹೊತ್ತು ತರಬೇಕಾಗುತ್ತದೆ, ಇಲ್ಲವೆ ಅದನ್ನು ಎಲ್ಲಿಂದ ತರಿಸಿಕೊಳ್ಳಬೇಕೆಂದು ಹೇಳಬೇಕಾಗುತ್ತದೆ. ಬೀಗದ ಜೊತೆಯಲ್ಲಿಯೇ ಬೀಗದಕೈ ಬರುತ್ತದೆ. ತನಿಖೆಗಾರನ ಕೆಲಸ ಸಾಧ್ಯವಾಗಿರುವುದು ಈ ಒಂದು ಅನಿವಾರ್ಯತೆಯಿಂದ.

ಪತ್ತೆ ಹಚ್ಚುವ ಬಗೆ

ತಜ್ಞರು ಮೊದಲು ನೋಡುವುದು ಯಾರು ಯಾರನ್ನು ಕರೆದರು ಎಂಬುದನ್ನು. ವರ್ಡ್ ಎಂಬುದು ಪತ್ರ ಬರೆಯುವ ತಂತ್ರಾಂಶ. ಅದು ಪವರ್‌ಶೆಲ್ ಅನ್ನು ಕರೆದು ಕೆಲಸ ಹೇಳಿದ್ದರೆ, ಪತ್ರ ಬರೆಯುವ ಗುಮಾಸ್ತನು ನಡುರಾತ್ರಿ ಗೋದಾಮಿನ ಬೀಗ ತೆಗೆಸಿದಷ್ಟೇ ಅಸಹಜ. ಎರಡನೆಯದಾಗಿ ಆಜ್ಞೆಯ ರೂಪ. ಮನುಷ್ಯರು ಬರೆಯುವ ಆಜ್ಞೆ ಚಿಕ್ಕದು. ನೂರಾರು ಅಕ್ಷರಗಳು ಎಡೆಯಿಲ್ಲದೆ ಒಂದೇ ಸಾಲಿನಲ್ಲಿದ್ದು, ಕೊನೆಯಲ್ಲಿ ಸಮಚಿಹ್ನೆ ಬಂದಿದ್ದರೆ ಅದು ಬೇಸ್-64 ಎಂದು ಅನುಭವಿಗಳು ನೋಡಿದೊಡನೆ ಹೇಳುತ್ತಾರೆ. ಪವರ್‌ಶೆಲ್‌ಗೆಂದು ಸಿದ್ಧಪಡಿಸಿದ ಅಂತಹ ಸಾಲಿನಲ್ಲಿ ಇಂಗ್ಲಿಷಿನ ದೊಡ್ಡ 'ಎ' ಅಕ್ಷರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ಪ್ರತಿಯೊಂದು ಅಕ್ಷರಕ್ಕೂ ಎರಡು ಬೈಟುಗಳನ್ನು ಮೀಸಲಿಟ್ಟು, ಎರಡನೆಯದನ್ನು ಬಹುತೇಕ ಖಾಲಿ ಬಿಡುವುದೇ ಇದಕ್ಕೆ ಕಾರಣ.

ಮೂರನೆಯದಾಗಿ ಯಂತ್ರ ತಾನಾಗಿ ಬರೆದುಕೊಂಡಿರುವ ದಿನಚರಿ. 2015ರಲ್ಲಿ ವಿಂಡೋಸ್ 10ರೊಡನೆ ಬಂದ ಪವರ್‌ಶೆಲ್ 5ರಲ್ಲಿ, ನೆರವೇರಿದ ಆಜ್ಞೆಗಳನ್ನು ಮುಸುಕು ತೆಗೆದ ರೂಪದಲ್ಲಿಯೇ ದಾಖಲಿಸಿಡುವ ವ್ಯವಸ್ಥೆ ಇದೆ. ಅನುಮಾನಾಸ್ಪದವೆಂದು ಕಂಡ ಕೆಲವನ್ನು ಅದು ತಾನಾಗಿಯೇ ಬರೆದಿಡುತ್ತದೆ, ಪೂರ್ಣ ದಾಖಲೆ ಬೇಕಾದರೆ ಅದನ್ನು ನಾವೇ ಚಾಲನೆಗೊಳಿಸಬೇಕು. ಇದಕ್ಕೆ ಹೆಚ್ಚುವರಿ ಹಣ ಕೊಡಬೇಕಾಗಿಲ್ಲ. ಗಣಕಯಂತ್ರ ನೋಡಿಕೊಳ್ಳುವವರಿಗೆ ಹೇಳಿದರೆ ಕೆಲವು ನಿಮಿಷಗಳ ಕೆಲಸ. ಹೀಗಿದ್ದರೂ ಎಷ್ಟು ಅಂಗಡಿಗಳಲ್ಲಿ ಇದನ್ನು ಮಾಡಿಸಿದ್ದೇವೆಂದು ನಾವೇ ಕೇಳಿಕೊಳ್ಳಬೇಕು.

ಕಳ್ಳರ ದಾರಿಯೂ ಬದಲಾಗುತ್ತಿದೆ. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಲ್ಲಿ ತಾನಾಗಿಯೇ ತಡೆಯಲಾರಂಭಿಸಿದ ಮೇಲೆ ಅವರು ಬೇರೆ ವೇಷಗಳನ್ನು ಹಾಕಿದರು. 2024ರಿಂದ ಹೆಚ್ಚಾಗಿ ಕಂಡುಬಂದ ಒಂದು ಉಪಾಯವನ್ನು ಸದಸ್ಯರು ತಮ್ಮ ಸಿಬ್ಬಂದಿಗೆ ಇಂದೇ ತಿಳಿಸಬೇಕು. ಜಾಲತಾಣವೊಂದು "ನೀವು ಯಂತ್ರವಲ್ಲ, ಮನುಷ್ಯರೆಂದು ದೃಢಪಡಿಸಿ" ಎಂದು ಕೇಳುತ್ತದೆ. ವಿಂಡೋಸ್ ಗುಂಡಿಯ ಜೊತೆ 'ಆರ್' ಒತ್ತಿ, ಬಳಿಕ ಕಂಟ್ರೋಲ್ ಜೊತೆ 'ವಿ' ಒತ್ತಿ, ಎಂಟರ್ ಒತ್ತಿ ಎನ್ನುತ್ತದೆ. ಹಾಗೆ ಮಾಡಿದವರು ಕಳ್ಳನ ಸ್ಕ್ರಿಪ್ಟನ್ನು ತಮ್ಮ ಕೈಯಾರೆ ಓಡಿಸಿದಂತೆ. ಇಲ್ಲಿಯೂ ಒಂದು ಸಮಾಧಾನವಿದೆ. 'ರನ್' ಪೆಟ್ಟಿಗೆಯಲ್ಲಿ ಹಾಕಿದ ಆಜ್ಞೆಗಳ ಪಟ್ಟಿಯನ್ನು ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಇಟ್ಟುಕೊಂಡಿರುತ್ತದೆ. ಕಳ್ಳನು ಅದನ್ನು ಅಳಿಸಿ ಹೋಗದಿದ್ದರೆ ತಜ್ಞನಿಗೆ ಅದು ಸಿಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಕಳ್ಳನು ಮರೆತದ್ದನ್ನು ನಾವು ಪೂರೈಸಿಕೊಟ್ಟಂತೆ.

ಬಿಡಿಸಿ ಓದುವ ಬಗೆ

ಓದುವ ಮುನ್ನ ಮೂಲವನ್ನು ಕಾಪಾಡುವುದು ಈ ಶಾಸ್ತ್ರದ ಮೊದಲ ನಿಯಮ. ಡಿಸ್ಕಿನ ಯಥಾಪ್ರತಿಯನ್ನು ತೆಗೆದು, ಎರಡಕ್ಕೂ ಹ್ಯಾಷ್ ಎಂಬ ಲೆಕ್ಕ ಹಾಕುತ್ತಾರೆ. ಎಸ್‌ಎಚ್‌ಎ-256 ಎಂಬ ಪದ್ಧತಿಯಲ್ಲಿ ಇದು 64 ಅಕ್ಷರ-ಅಂಕಿಗಳ ಒಂದು ಸಾಲು. ಡಿಸ್ಕಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಹಿಂದೆ ಪಾರ್ಸೆಲ್‌ಗಳ ಮೇಲೆ ಹಾಕುತ್ತಿದ್ದ ಅರಗಿನ ಮುದ್ರೆಗೆ ಇದನ್ನು ಹೋಲಿಸಬಹುದು. ಮುದ್ರೆ ಸರಿಯಿದ್ದರೆ ಒಳಗಿನ ಸರಕನ್ನು ಯಾರೂ ಮುಟ್ಟಿಲ್ಲವೆಂದು ಅರ್ಥ.

ಅನಂತರ ಪ್ರತಿಯ ಮೇಲೆ, ಅಂತರಜಾಲದ ಸಂಪರ್ಕವಿಲ್ಲದ ಪ್ರತ್ಯೇಕ ಯಂತ್ರದಲ್ಲಿ, ಮುಸುಕುಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಇದಕ್ಕೆ ಒಂದು ಸರಳವಾದ ಉಪಾಯವಿದೆ. ಸ್ಕ್ರಿಪ್ಟಿನ ಕೊನೆಯಲ್ಲಿ "ಬಿಚ್ಚಿದ್ದನ್ನು ನೆರವೇರಿಸು" ಎಂದಿರುವ ಕಡೆ "ಬಿಚ್ಚಿದ್ದನ್ನು ತೋರಿಸು" ಎಂದು ತಿದ್ದುವುದು. ಆಗ ಸ್ಕ್ರಿಪ್ಟು ಹಾನಿ ಮಾಡುವ ಬದಲು ತನ್ನ ಒಡಲನ್ನು ತಾನೇ ತೆರೆದು ತೋರಿಸುತ್ತದೆ. ಬ್ರಿಟನ್ನಿನ ಸರ್ಕಾರಿ ಗುಪ್ತಚರ ಸಂಸ್ಥೆಯಾದ ಜಿಸಿಎಚ್‌ಕ್ಯೂ 2016ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿದ ಸೈಬರ್‌ಶೆಫ್, ವರ್ಡ್-ಎಕ್ಸೆಲ್ ಕಡತಗಳನ್ನು ತೆರೆಯದೆಯೇ ಅವುಗಳ ಮ್ಯಾಕ್ರೊಗಳನ್ನು ಹೊರತೆಗೆಯುವ ಓಲೆಟೂಲ್ಸ್ ಮೊದಲಾದ ಉಪಕರಣಗಳಿಗೆ ಪರವಾನಗಿ ಶುಲ್ಕವಿಲ್ಲ. ಆದರೂ ಅರೆಬರೆ ತಿಳಿದವರು ಅಂಗಡಿಯ ಯಂತ್ರದಲ್ಲಿಯೇ ಇದನ್ನು ಪ್ರಯೋಗಿಸುವುದು ಬೆಂಕಿಯೊಡನೆ ಸರಸ. ಇದು ತರಬೇತಾದವರ ಕೆಲಸ.

ಹೀಗೆ ಓದಿದ್ದರಿಂದ ಏನು ದೊರೆಯುತ್ತದೆ ಎಂಬುದಕ್ಕೆ ಎರಡು ಪ್ರಕರಣಗಳನ್ನು ನೋಡಬಹುದು. ಮೊದಲನೆಯದು 2014ರಲ್ಲಿ ಕಾಣಿಸಿಕೊಂಡ ಎಮೊಟೆಟ್ ಜಾಲ. ಬಿಲ್ಲು, ಪಾವತಿ, ಸರಕು ರವಾನೆಯ ಪತ್ರಗಳ ಸೋಗಿನಲ್ಲಿ ಬರುತ್ತಿದ್ದ ವರ್ಡ್ ದಾಖಲೆಗಳಲ್ಲಿ ಅದರ ಮ್ಯಾಕ್ರೊ ಇರುತ್ತಿತ್ತು. ಅದು ಬೇಸ್-64 ಮುಸುಕಿನ ಪವರ್‌ಶೆಲ್ ಆಜ್ಞೆಯನ್ನು ಓಡಿಸುತ್ತಿತ್ತು. ಮುಸುಕು ತೆಗೆದರೆ ಸಾಮಾನ್ಯವಾಗಿ ಐದೋ ಏಳೋ ಜಾಲತಾಣಗಳ ವಿಳಾಸಗಳು ಸಿಗುತ್ತಿದ್ದವು. ನಿಜವಾದ ವಿಷವನ್ನು ತರಿಸಿಕೊಳ್ಳುತ್ತಿದ್ದುದು ಅಲ್ಲಿಂದ. ಆ ತಾಣಗಳಲ್ಲಿ ಅನೇಕವು ಕಳ್ಳರವಲ್ಲ. ತಮ್ಮ ತಾಣದೊಳಗೆ ಕಳ್ಳನು ಸರಕು ಬಚ್ಚಿಟ್ಟಿದ್ದಾನೆಂದು ತಿಳಿಯದ ಸಾಮಾನ್ಯ ವ್ಯಾಪಾರಿಗಳ, ಸಂಸ್ಥೆಗಳ ತಾಣಗಳು. ಸ್ವಯಂಪ್ರೇರಿತ ತಜ್ಞರ ಗುಂಪೊಂದು ಈ ವಿಳಾಸಗಳನ್ನು ಬಿಡಿಸಿ ಪ್ರಕಟಿಸುತ್ತ ಬಂದಿತು. ಒಬ್ಬನಿಗೆ ಬಂದ ಚೀಟಿಯನ್ನು ಓದಿದ್ದರಿಂದ ಮತ್ತೊಬ್ಬ ವರ್ತಕನಿಗೆ ಎಚ್ಚರಿಕೆ ಸಿಕ್ಕಿತು. 2021ರ ಜನವರಿಯಲ್ಲಿ ಎಂಟು ದೇಶಗಳ ಅಧಿಕಾರಿಗಳು ಕೂಡಿ ಆ ಜಾಲದ ಸರ್ವರುಗಳನ್ನು ವಶಪಡಿಸಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಅದು ಮತ್ತೆ ತಲೆಯೆತ್ತಿದ್ದೂ ನಿಜ. ಇಂತಹ ಪಿಡುಗಿಗೆ ಒಮ್ಮೆಲೇ ಮುಕ್ತಾಯವಿಲ್ಲ, ನಿರಂತರ ಎಚ್ಚರವೊಂದೇ ಉಪಾಯ.

ಎರಡನೆಯದು 2018ರ ಬ್ರಿಟಿಷ್ ಏರ್‌ವೇಸ್ ಪ್ರಕರಣ. ಟಿಕೆಟು ಕೊಳ್ಳುವ ತಾಣದ ಜಾವಾಸ್ಕ್ರಿಪ್ಟಿಗೆ ಕಳ್ಳರು ಸೇರಿಸಿದ್ದು ಕೇವಲ 22 ಸಾಲುಗಳು. ಗ್ರಾಹಕರು ತುಂಬಿದ ಕಾರ್ಡಿನ ವಿವರಗಳು, ವಿಮಾನ ಸಂಸ್ಥೆಯ ಹೆಸರನ್ನೇ ಹೋಲುವ ಮತ್ತೊಂದು ವಿಳಾಸಕ್ಕೆ ಸದ್ದಿಲ್ಲದೆ ಹೋಗುತ್ತಿದ್ದವು. ಪಾವತಿ ಎಂದಿನಂತೆ ನಡೆಯುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ವಿಮಾನ ಸಂಸ್ಥೆಗೆ ವಿಷಯ ತಿಳಿದದ್ದು ಹೊರಗಿನವರು ಹೇಳಿದ ಮೇಲೆ. ಸುಮಾರು 4 ಲಕ್ಷ 29 ಸಾವಿರ ಗ್ರಾಹಕರು ಮತ್ತು ಸಿಬ್ಬಂದಿಯ ಮಾಹಿತಿಗೆ ಅಪಾಯವೊದಗಿತ್ತೆಂದು ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಹೇಳಿತು. 2020ರ ಅಕ್ಟೋಬರ್‌ನಲ್ಲಿ ಅದು ವಿಧಿಸಿದ ದಂಡ 2 ಕೋಟಿ ಪೌಂಡ್. ಕಳ್ಳರು ಮೊದಲು ಒಳಹೊಕ್ಕದ್ದು ಸೇವೆ ಒದಗಿಸುವ ಹೊರಗಿನ ಸಂಸ್ಥೆಯೊಂದರ ನೌಕರನ ಲಾಗಿನ್ ವಿವರಗಳಿಂದ ಎಂಬುದನ್ನು ಸಣ್ಣ ಕೈಗಾರಿಕೆಯವರು ಗಮನವಿಟ್ಟು ಓದಬೇಕು. ದೊಡ್ಡ ಕಂಪನಿಗೆ ಬಿಡಿಭಾಗ ಒದಗಿಸುವವರು ನಾವು. "ನಮ್ಮಲ್ಲಿ ಕದಿಯಲು ಏನಿದೆ?" ಎನ್ನುವ ಮಾತಿಗೆ ಇದೇ ಉತ್ತರ. ನಮ್ಮಲ್ಲಿ ಏನೂ ಇಲ್ಲದಿರಬಹುದು, ಆದರೆ ನಮ್ಮ ಮನೆಯಿಂದ ದೊಡ್ಡ ಮನೆಗೆ ಹೋಗುವ ಬಾಗಿಲೊಂದಿದೆ.

ಓದಿಸುವುದರಿಂದ ವರ್ತಕನಿಗೇನು ಲಾಭ?

ಮೊದಲನೆಯ ಲಾಭ, ಹೋದದ್ದು ಏನೆಂಬುದರ ಅರಿವು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸ್ಕ್ರಿಪ್ಟು ಬೇರೆ, ಇ-ಮೇಲ್ ಮತ್ತು ಬ್ಯಾಂಕಿನ ಗುಪ್ತಪದಗಳನ್ನು ಕದಿಯುವ ಸ್ಕ್ರಿಪ್ಟು ಬೇರೆ. ಎರಡನೆಯದಾಗಿದ್ದರೆ ಯಂತ್ರವನ್ನು ಅಳಿಸಿದ ಮೇಲೂ ಅಪಾಯ ತೀರುವುದಿಲ್ಲ. ಕದ್ದ ಗುಪ್ತಪದದಿಂದ ನಮ್ಮ ಇ-ಮೇಲ್ ಪೆಟ್ಟಿಗೆಯಲ್ಲಿ ಕುಳಿತ ಕಳ್ಳನು, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಈ ಖಾತೆಗೆ ಕಳುಹಿಸಿ" ಎಂದು ನಮ್ಮ ಹೆಸರಿನಲ್ಲಿಯೇ ಗಿರಾಕಿಗಳಿಗೆ ಬರೆಯಬಲ್ಲ. ಗಿರಾಕಿಯು ಹಣ ಕಳುಹಿಸಿದ್ದಾನೆ, ನಮಗೆ ಬಂದಿಲ್ಲ. ಮೂವತ್ತು ವರ್ಷಗಳ ವ್ಯವಹಾರ ಒಂದು ಪತ್ರದಿಂದ ಮುರಿದುಬೀಳುತ್ತದೆ. ಸ್ಕ್ರಿಪ್ಟನ್ನು ಓದಿಸಿದ್ದರೆ ಗುಪ್ತಪದಗಳನ್ನು ಬದಲಿಸಿ, ಗಿರಾಕಿಗಳಿಗೆ ದೂರವಾಣಿಯಲ್ಲಿ ಮುನ್ನೆಚ್ಚರಿಕೆ ಕೊಡಲು ಅವಕಾಶವಿರುತ್ತಿತ್ತು.

ಎರಡನೆಯ ಲಾಭ, ಬ್ಯಾಂಕು ಮತ್ತು ವಿಮೆಯವರೆದುರು ನಿಲ್ಲುವ ಆಧಾರ. ಅನಧಿಕೃತ ವಿದ್ಯುನ್ಮಾನ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ ನಷ್ಟದ ಹೊಣೆಯನ್ನು ಎರಡು ಪ್ರಶ್ನೆಗಳ ಮೇಲೆ ನಿಲ್ಲಿಸಲಾಯಿತು. ತಪ್ಪು ಯಾರದು? ಗ್ರಾಹಕ ಎಷ್ಟು ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ? ಮೊದಲ ಪ್ರಶ್ನೆಗೆ ಉತ್ತರ ಹೇಳಬಲ್ಲ ಸಾಕ್ಷಿ ನಮ್ಮ ಡಿಸ್ಕಿನಲ್ಲಿಯೇ ಇರುತ್ತದೆ. ಅದನ್ನು ಅಳಿಸಿದವನು ತನ್ನ ಪರವಾದ ಸಾಕ್ಷಿಯನ್ನು ತಾನೇ ಕಳೆದುಕೊಂಡಂತೆ.

ಮೂರನೆಯದು, ನ್ಯಾಯಾಲಯ. 2000ದ ಅಕ್ಟೋಬರ್ 17ರಿಂದ ಜಾರಿಯಲ್ಲಿರುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಕಲಮು ಇನ್ನೊಬ್ಬರ ಗಣಕಯಂತ್ರಕ್ಕೆ ವೈರಸ್ ಮುಂತಾದವನ್ನು ಹೊಗಿಸುವುದಕ್ಕೆ ಪರಿಹಾರದ ಹೊಣೆಯನ್ನು ಹೊರಿಸುತ್ತದೆ. 66ನೆಯ ಕಲಮಿನಂತೆ ಅದೇ ಕೃತ್ಯವನ್ನು ಅಪ್ರಾಮಾಣಿಕತೆಯಿಂದ ಮಾಡಿದರೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಕೇಳುತ್ತದೆ. ಅದರ ಒಂದು ಭಾಗವನ್ನು ದಾಖಲೆ ಒದಗಿಸುವವರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ಮೇಲೆ ಹೇಳಿದ ಹ್ಯಾಷ್ ಸಾಲನ್ನು ಅದರಲ್ಲಿ ನಮೂದಿಸಬೇಕು. ಪರದೆಯ ಛಾಯಾಚಿತ್ರವೊಂದನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದರೆ ಸಾಲದು.

ಆಕ್ಷೇಪಣೆಗಳು

"ವ್ಯಾಪಾರ ನಿಲ್ಲುವಂತಿಲ್ಲ" ಎಂಬುದು ಮೊದಲ ಆಕ್ಷೇಪಣೆ. ಇದು ನ್ಯಾಯವಾದದ್ದೇ. ಜಿಎಸ್‌ಟಿ ವಿವರಪಟ್ಟಿಯ ಗಡುವು ಯಾರಿಗಾಗಿಯೂ ಕಾಯುವುದಿಲ್ಲ, ಇ-ವೇ ಬಿಲ್ ಇಲ್ಲದೆ ಲಾರಿ ಹೊರಡುವುದಿಲ್ಲ. ಆದರೆ ವ್ಯಾಪಾರ ಮುಂದುವರಿಸಲು ಹಳೆಯ ಡಿಸ್ಕನ್ನು ಅಳಿಸಲೇಬೇಕೆಂದಿಲ್ಲ. ಅದನ್ನು ಬಿಚ್ಚಿ ತೆಗೆದಿಟ್ಟು ಹೊಸ ಡಿಸ್ಕಿನಲ್ಲಿ ವಿಂಡೋಸ್ ಹಾಕಿಸಬಹುದು. ಒಂದು ಹೊಸ ಡಿಸ್ಕಿನ ಬೆಲೆ ಕೆಲವೇ ಸಾವಿರ ರೂಪಾಯಿಗಳು. ಸಾಕ್ಷ್ಯವನ್ನು ಉಳಿಸಿಕೊಳ್ಳುವ ವೆಚ್ಚವೆಂದರೆ ಇಷ್ಟೆ.

ಎರಡನೆಯ ಆಕ್ಷೇಪಣೆಯನ್ನು ಸದಸ್ಯರು ಸಭೆಯಲ್ಲಿ ಹೇಳುವುದಿಲ್ಲ, ಖಾಸಗಿಯಾಗಿ ಹೇಳುತ್ತಾರೆ. ಲೆಕ್ಕಪತ್ರಗಳಿರುವ ಯಂತ್ರವನ್ನು ಠಾಣೆಗೆ ಕೊಟ್ಟರೆ ಹಿಂದಿರುಗುವುದು ಎಂದು? ಅದರಲ್ಲಿನ ವ್ಯವಹಾರದ ಗುಟ್ಟುಗಳು ಯಾರ ಕಣ್ಣಿಗೆ ಬಿದ್ದಾವು? ಈ ಅಂಜಿಕೆಯನ್ನು ಅಪ್ರಾಮಾಣಿಕತೆಯ ಲಕ್ಷಣವೆಂದು ತಳ್ಳಿಹಾಕಲಾಗದು. ಗಿರಾಕಿಗಳ ಪಟ್ಟಿ, ಖರೀದಿಯ ದರ, ಸೋಡಿಯ ಪ್ರಮಾಣ ಇವೆಲ್ಲ ಪ್ರಾಮಾಣಿಕ ವರ್ತಕನಿಗೂ ಗುಟ್ಟೇ. ಇದಕ್ಕೆ ಪರಿಹಾರ ಯಥಾಪ್ರತಿಯ ಪದ್ಧತಿಯಲ್ಲಿದೆ. ದೂರುದಾರನ ಸ್ಥಳದಲ್ಲಿಯೇ ಪ್ರತಿ ತೆಗೆದು, ಹ್ಯಾಷ್ ಬರೆದು, ಯಂತ್ರವನ್ನು ಅವನಿಗೇ ಬಿಟ್ಟುಹೋಗುವುದು ತಾಂತ್ರಿಕವಾಗಿ ಸಾಧ್ಯವಾದ ಕೆಲಸ. ದೂರು ಕೊಟ್ಟವನೇ ದಂಡ ತೆತ್ತಂತಾಗಬಾರದು. ಈ ಬಗ್ಗೆ ಸರ್ಕಾರದೊಡನೆ ಮಾತನಾಡಬೇಕಾದದ್ದು ಒಬ್ಬೊಬ್ಬ ಸದಸ್ಯನಲ್ಲ, ನಮ್ಮ ಸಂಸ್ಥೆ.

ಮೂರನೆಯದು, "ಕಳ್ಳ ಸಿಗುವುದಿಲ್ಲ, ಸುಮ್ಮನೆ ಏಕೆ ಶ್ರಮ?" ಎಂಬ ನಿರಾಶೆ. ಓದಿದ ಮಾತ್ರಕ್ಕೆ ಕಳ್ಳ ಸಿಕ್ಕಿಯೇ ಬಿಡುತ್ತಾನೆಂದು ಯಾರೂ ಹೇಳಲಾರರು. ಸಿಕ್ಕ ವಿಳಾಸ ಪರದೇಶದ್ದಾಗಿರಬಹುದು, ಮೊದಲೇ ಮುಚ್ಚಿರಬಹುದು. ಆದರೆ ಕಳ್ಳನು ಸಿಗದಿದ್ದರೂ ಬಾಗಿಲು ಯಾವುದೆಂದು ತಿಳಿಯುತ್ತದೆ. ಅದನ್ನು ಅರಿಯದೆ ಯಂತ್ರವನ್ನು ಮಾತ್ರ ತೊಳೆದರೆ ಅದೇ ಕಳ್ಳ ಅದೇ ಬಾಗಿಲಿನಿಂದ ಮತ್ತೆ ಬರುತ್ತಾನೆ.

ಸದಸ್ಯರು ಮಾಡಬೇಕಾದದ್ದು

ಅನುಮಾನ ಬಂದೊಡನೆ ಜಾಲದ ತಂತಿಯನ್ನು ಕಿತ್ತು, ವೈಫೈ ಆರಿಸಿರಿ. ಯಂತ್ರವನ್ನು ಒಮ್ಮೆಲೇ ಆರಿಸಬೇಡಿರಿ. ಕೆಲವು ಸ್ಕ್ರಿಪ್ಟುಗಳು ಡಿಸ್ಕನ್ನು ಮುಟ್ಟದೆ ತಾತ್ಕಾಲಿಕ ಸ್ಮೃತಿಯಲ್ಲಿಯೇ ಇರುತ್ತವೆ, ವಿದ್ಯುತ್ ಹೋದೊಡನೆ ಅವುಗಳ ಗುರುತೂ ಹೋಗುತ್ತದೆ. ಕಣ್ಣೆದುರಿಗೇ ಕಡತಗಳಿಗೆ ಬೀಗ ಬೀಳುತ್ತಿದ್ದು, ಜಾಲದಿಂದ ಬೇರ್ಪಡಿಸಲು ಆಗದಿದ್ದರೆ ಮಾತ್ರ ಆರಿಸಬಹುದು. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಯ ಸಹಾಯವಾಣಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿರಿ. ಬಂದ ಇ-ಮೇಲ್ ಅನ್ನು ಅಳಿಸಬೇಡಿರಿ, ಇತರರಿಗೆ ಕಳುಹಿಸಬೇಡಿರಿ. ದಿನಾಂಕ, ವೇಳೆ, ಕಂಡದ್ದು, ಮಾಡಿದ್ದು ಇವನ್ನು ಕಾಗದದ ಮೇಲೆ ಬರೆದಿಡಿರಿ. ತೆಗೆದ ಡಿಸ್ಕನ್ನು ಲಕೋಟೆಯಲ್ಲಿಟ್ಟು, ಇಬ್ಬರ ಸಹಿಯೊಡನೆ ಮುಚ್ಚಿ, ತಿಜೋರಿಯಲ್ಲಿಡಿರಿ. ಲೆಕ್ಕಪತ್ರಗಳ ಒಂದು ಪ್ರತಿ ಯಂತ್ರಕ್ಕೆ ಜೋಡಿಸದ ಬೇರೊಂದು ಡಿಸ್ಕಿನಲ್ಲಿ ಸದಾ ಇರಲಿ. ಅದಿದ್ದರೆ ಗಾಬರಿಗೆ ಎಡೆಯಿಲ್ಲ, ಗಾಬರಿಯಿಲ್ಲದವನು ಸಾಕ್ಷ್ಯವನ್ನು ಅಳಿಸುವುದಿಲ್ಲ.

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನಗಳನ್ನೂ ಮರೆಯುವಂತಿಲ್ಲ. ನಿಗದಿತ ಬಗೆಯ ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು, ಯಂತ್ರಗಳ ದಿನಚರಿಗಳನ್ನು 180 ದಿನ ಉಳಿಸಬೇಕು ಎಂದು ಅವು ಹೇಳುತ್ತವೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಕೊಟ್ಟಿದ್ದ ಹೆಚ್ಚಿನ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೇ ಮುಗಿಯಿತು. ಫಾರ್ಮ್ಯಾಟ್ ಮಾಡಿಸುವ ರೂಢಿಗೂ ಈ ನಿಯಮಕ್ಕೂ ಹೊಂದಾಣಿಕೆಯಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಸಂಸ್ಥೆ ಮಾಡಬೇಕಾದದ್ದು

ನಮ್ಮಂತಹ ವಾಣಿಜ್ಯ ಸಂಸ್ಥೆಗಳು ಹುಟ್ಟಿದ್ದು ಒಬ್ಬನಿಂದಾಗದ್ದನ್ನು ಹತ್ತು ಜನರು ಕೂಡಿ ಮಾಡುವುದಕ್ಕಾಗಿ. ತೂಕ-ಅಳತೆಯ ತಕರಾರು, ರೈಲ್ವೆ ಸಾಗಣೆಯ ತೊಂದರೆ, ತೆರಿಗೆಯ ಗೊಂದಲ ಬಂದಾಗಲೆಲ್ಲ ವರ್ತಕರು ಹೀಗೆಯೇ ಒಟ್ಟಾಗಿದ್ದಾರೆ. ಈ ವಿಷಯದಲ್ಲಿಯೂ ಮೂರು ಕೆಲಸಗಳು ಆಗಬೇಕು. ಒಂದು, ವಾರ್ಷಿಕ ಒಪ್ಪಂದದ ಮೇಲೆ ನುರಿತ ವಿಧಿವಿಜ್ಞಾನ ತಜ್ಞರೊಬ್ಬರನ್ನು ಗೊತ್ತುಮಾಡಿ, ಸದಸ್ಯರ ಕರೆಗೆ ಓಗೊಡುವ ವ್ಯವಸ್ಥೆ ಮಾಡಬೇಕು. ಒಬ್ಬರಿಗೆ ದುಬಾರಿಯಾದದ್ದು ನೂರು ಜನ ಹಂಚಿಕೊಂಡಾಗ ಹಗುರ. ಎರಡು, ಊರಿನ ಗಣಕಯಂತ್ರ ದುರಸ್ತಿಗಾರರನ್ನು ಕರೆಸಿ ಒಂದು ದಿನದ ತರಬೇತಿ ಕೊಡಿಸಬೇಕು. ಘಟನೆಯ ಸ್ಥಳಕ್ಕೆ ಮೊದಲು ಬರುವವರು ಪೊಲೀಸರಲ್ಲ, ಅವರು. "ಅಳಿಸಬೇಡಿ, ಬದಲಿಸಿ" ಎಂಬ ಎರಡು ಪದಗಳನ್ನು ಅವರು ಕಲಿತರೆ ಅರ್ಧ ಕೆಲಸ ಆದಂತೆ. ಮೂರು, ಸದಸ್ಯರಿಗೆ ಬಂದ ವಂಚನೆಯ ಪತ್ರಗಳ ವಿವರವನ್ನು ಹೆಸರು ಮರೆಸಿ ಈ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಪ್ರಕಟಿಸಬೇಕು.

ಮೂರನೆಯದೇ ಎಲ್ಲಕ್ಕಿಂತ ಕಠಿಣ. ಮೋಸಹೋದೆನೆಂದು ಹೇಳಿಕೊಳ್ಳಲು ವರ್ತಕನಿಗೆ ಸಂಕೋಚ. ಪೇಟೆಯಲ್ಲಿ ಹೆಸರೇ ಬಂಡವಾಳವಾಗಿರುವಾಗ ಆ ಸಂಕೋಚ ಸಹಜ. ಆದರೆ ಖೋಟಾ ನೋಟು ಬಂದಾಗ ಪಕ್ಕದ ಅಂಗಡಿಯವರಿಗೆ ಕೂಗಿ ಹೇಳುವುದು ನಮ್ಮ ಬೀದಿಗಳಲ್ಲಿ ಇಂದಿಗೂ ಉಳಿದಿರುವ ಸಂಪ್ರದಾಯ. ಅದರಿಂದ ಯಾರ ಮರ್ಯಾದೆಯೂ ಹೋಗಿಲ್ಲ, ಎಷ್ಟೋ ಜನರ ಹಣ ಉಳಿದಿದೆ. ಗುಪ್ತ ಲಿಪಿಯ ಚೀಟಿ ಖೋಟಾ ನೋಟಿಗಿಂತ ಬೇಗ ಕೈ ಬದಲಿಸುತ್ತದೆ. ಇಂದು ಬೆಳಗ್ಗೆ ಒಬ್ಬ ಸದಸ್ಯರಿಗೆ ಬಂದದ್ದು ಸಂಜೆಯೊಳಗೆ ಇನ್ನಿಪ್ಪತ್ತು ಸದಸ್ಯರಿಗೆ ಬಂದಿರಬಹುದು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಮೂರು ಸಲಹೆಗಳನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿ.